ಮೀಟರಿನ ಮೇಲಿದ್ದ ಮಾವನವರ ಹೆಸರು

ನಮ್ಮ ಮನೆಗೆ ತಿಂಗಳಿಗೊಮ್ಮೆ ಕರೆಂಟ್ ಬಿಲ್ಲು ಕೊಡಲು ಬರುವಾತ ಗೇಟಿನ ಹತ್ತಿರ ಬೈಕು ನಿಲ್ಲಿಸಿ, ಮೀಟರು ನೋಡಿ, ಮೆಷಿನ್ನಿನಿಂದ ಚೀಟಿ ಹರಿದು, ಅದರ ಮೇಲಿರುವ ಹೆಸರನ್ನು ಗಟ್ಟಿಯಾಗಿ ಕೂಗುತ್ತಿದ್ದ. ಬೇರೆ ಮನೆಗಳಲ್ಲಿ ಚೀಟಿಯನ್ನು ಕಿಟಕಿಗೆ ಸಿಕ್ಕಿಸಿ ಹೋಗುವವನು ನಮ್ಮ ಮನೆಯ ಮುಂದೆ ಮಾತ್ರ ನಿಂತು ಕೂಗುತ್ತಿದ್ದ. ಹೆಸರು ನಮ್ಮ ಮಾವನವರದು. ಅವರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

ಮೊದಲ ಸಲ ಅವನು ಕೂಗಿದ್ದು ಮಾವನವರ ತಿಥಿ ಮುಗಿದ ತಿಂಗಳು. ನಮ್ಮ ಕಡೆಗೆ ಹೊಸದಾಗಿ ಬಂದಿದ್ದ, ಪಾಪ, ಗೊತ್ತಿರಲಿಲ್ಲ. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ನಾನು ಗಾಬರಿಯಿಂದ ಎದ್ದೆ, ಹೋಗಿ ಬಾಯಿ ಮುಚ್ಚಿಸೋಣ ಅಂತ. ಅತ್ತೆ ನನ್ನ ಸೆರಗು ಹಿಡಿದು ಎಳೆದರು.

"ಕೂಗ್ಲಿ ಬುಡಮ್ಮಿ" ಅಂದರು. ಆಮೇಲೆ ಕೂತಲ್ಲಿಂದಲೇ ಬಾಗಿಲ ಕಡೆ ತಿರುಗಿ, "ಇಲ್ಲ ಕಣಪ್ಪೋ, ವಲದ್ ತಾವ ಓಗವ್ರೆ!" ಅಂದರು.

"ಬಂದ್ರೆ ಯೋಳವ್ವಾ, ಬಿಲ್ ಬಂದದೆ ಅಂತ" ಅಂದು ಅವನು ಹೊರಟುಹೋದ.

ಅತ್ತೆ ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ. ಮಾವನವರನ್ನು ಮಣ್ಣು ಮಾಡಿದ್ದು ನಮ್ಮ ಹೊಲದಲ್ಲೇ, ಬೇವಿನ ಮರದ ಮಗ್ಗುಲಿಗೆ.

ಒಂದೆರಡು ತಿಂಗಳಲ್ಲಿ ಬಿಲ್ಲಿನವನಿಗೆ ಟೀ ಅಂಗಡಿಯಲ್ಲಿ ಯಾರೋ ವಿಷಯ ಹೇಳಿದರು. ಮುಂದಿನ ಸಲ ಬಂದವನು ಸದ್ದಿಲ್ಲದೆ ಚೀಟಿಯನ್ನು ಗೇಟಿಗೆ ಸಿಕ್ಕಿಸಿ ಬೈಕು ತಿರುಗಿಸಿದ. ಅತ್ತೆ ಕೋಲೂರಿಕೊಂಡು ಗೇಟಿನವರೆಗೂ ಹೋಗಿ, "ಯಾಕಪ್ಪ, ಗಂಟ್ಲು ಕಟ್ಕಂಡದಾ ನಿಂಗೆ?" ಅಂತ ಕೇಳಿದರು. ಅವನು ಅತ್ತೆಯ ಮುಖ ನೋಡಿದ, ನನ್ನ ಮುಖ ನೋಡಿದ, ಚೀಟಿಯನ್ನು ಮತ್ತೆ ಕೈಗೆ ತೆಗೆದುಕೊಂಡು ಮಾವನವರ ಹೆಸರನ್ನು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ಅವತ್ತಿನಿಂದ ಒಂದು ತಿಂಗಳೂ ತಪ್ಪಿಸಿದವನಲ್ಲ. ದೇವರು ಅವನ ಹೊಟ್ಟೆ ತಣ್ಣಗಿಟ್ಟಿರಲಿ.

ಇದು ಯಾಕೆ ಅಷ್ಟು ದೊಡ್ಡದು ಅಂತ ಈಗಿನವರಿಗೆ ಅನ್ನಿಸಬಹುದು. ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಬಾಯಲ್ಲಿ ಹೇಳುವುದಿಲ್ಲ. ಗಂಡನ ಹೆಸರಿನ ದೇವರಿದ್ದರೆ ಆ ದೇವರನ್ನೂ ಸುತ್ತಿ ಬಳಸಿ ಕರೆಯುತ್ತೇವೆ. ಅತ್ತೆ ಐವತ್ತು ವರ್ಷಕ್ಕೂ ಮೇಲೆ ಸಂಸಾರ ಮಾಡಿ ಒಂದು ದಿನ ಆ ಹೆಸರು ಹೇಳಿದವರಲ್ಲ. ಮಾವನವರು ಹೋದ ಮೇಲೆ ಮನೆಯಲ್ಲಿ ಹೇಳುವವರೇ ಇಲ್ಲವಾದರು. ನನ್ನ ಗಂಡನಿಗೆ ಅವರು 'ಅಪ್ಪ', ನನಗೆ 'ಮಾವ', ಊರಿಗೆ 'ದೊಡ್ಡೋರು'. ಆ ಹೆಸರು ನಮ್ಮ ಮನೆಯ ಬಾಗಿಲಲ್ಲಿ ಕೇಳುತ್ತಿದ್ದದ್ದು ತಿಂಗಳಿಗೆ ಒಂದೇ ಸಲ, ಕರೆಂಟ್ ಬಿಲ್ಲಿನವನ ಬಾಯಲ್ಲಿ. ನಾನೂ ಇಲ್ಲಿ ಯಾರ ಹೆಸರನ್ನೂ ಬರೆಯುತ್ತಿಲ್ಲ. ಬಾಯಲ್ಲಿ ಹೇಳದ್ದನ್ನು ಕೈಯಲ್ಲಿ ಬರೆದರೆ ಅದೂ ಹೇಳಿದ ಹಾಗೆಯೇ ಆಯಿತಲ್ಲ.

ಹೀಗಿರುವಾಗ ನಮ್ಮ ಮನೆಯವರು ಕೆ.ಆರ್. ನಗರಕ್ಕೆ ಹೋಗಿ ಬಂದರು.

ನಮ್ಮ ಮಗಳನ್ನು ಅಲ್ಲಿಗೆ ಕೊಟ್ಟಿದ್ದೇವೆ. ಬೀಗರು ಒಳ್ಳೆಯವರು, ಆದರೆ ಹೊಸ ಸಾಮಾನು ತಂದರೆ ಬಂದವರಿಗೆ ತೋರಿಸದೆ ಇರುವವರಲ್ಲ. ಇವರು ಚಪ್ಪಲಿ ಬಿಡುವ ಮೊದಲೇ, ನೀರು ಕೊಡುವ ಮೊದಲೇ, ಕೈ ಹಿಡಿದು ಮಾಳಿಗೆ ಹತ್ತಿಸಿದರಂತೆ. ಮೇಲೆ ಸಾಲಾಗಿ ಸೋಲಾರ್ ಹಲಗೆಗಳು. ಬೀಗರು ಅವುಗಳ ಪಕ್ಕದಲ್ಲಿ ಮದುಮಗನ ಪಕ್ಕ ನಿಂತ ತಂದೆಯ ಹಾಗೆ ನಿಂತು, ಜೇಬಿನಿಂದ ಬಿಲ್ಲು ತೆಗೆದು ತೋರಿಸಿದರಂತೆ. ಅದರಲ್ಲಿ ಮೊತ್ತದ ಹಿಂದೆ ಒಂದು ಮೈನಸ್ ಗೀಟು ಇತ್ತಂತೆ.

"ಸರ್ಕಾರವೇ ಅವರಿಗೆ ಕೊಡಬೇಕು ಕಣೆ!" ಅಂತ ಇವರು ಊಟದ ತಟ್ಟೆಯ ಮುಂದೆ ಕೂತು ಹೇಳಿದರು. ಅವತ್ತು ರಾಗಿಮುದ್ದೆ ಆರಿ ಕಲ್ಲಾಯಿತು, ಸಾರು ಎರಡು ಸಲ ಬಿಸಿ ಮಾಡಿದೆ. ಇವರ ಬಾಯಿ ಮುಚ್ಚಲಿಲ್ಲ. ಒಂದು ಕಿಲೋವ್ಯಾಟಿಗೆ ಸಬ್ಸಿಡಿ ಇಷ್ಟು, ಎರಡಕ್ಕೆ ಇಷ್ಟು, ಮೂರಕ್ಕೆ ಇಷ್ಟು, ಅದರ ಮೇಲೆ ಎಷ್ಟು ಹಾಕಿಸಿಕೊಂಡರೂ ಮೂರರಷ್ಟೇ ಅಂತ ಹೊಗೆಸೊಪ್ಪಿನ ಗ್ರೇಡು ವಿಂಗಡಿಸಿದ ಹಾಗೆ ವಿಂಗಡಿಸಿ ಹೇಳಿದರು. ಬೀಗರು ಹಾಕಿಸಿದ್ದು ಎರಡು ಕಿಲೋವ್ಯಾಟು. ಆದ್ದರಿಂದ ನಮಗೆ ಎಷ್ಟು ಬೇಕಾಗುತ್ತದೆ ಅನ್ನುವುದು ಅಲ್ಲೇ ತೀರ್ಮಾನವಾಗಿತ್ತು.

"ಮೂರು" ಅಂದರು ಇವರು.

"ನಮ್ಮ ಮನೆಗೆ ಅಷ್ಟೊಂದು ಯಾಕ್ರೀ? ಒಂದು ಫ್ರಿಜ್ಜು, ಒಂದು ಗ್ರೈಂಡರು, ಒಂದು ಬಟ್ಟೆ ಒಗೆಯೋ ಮೆಷಿನ್ನು."

"ನಿಂಗ್ ಗೊತ್ತಾಗಾಕಿಲ್ಲ ಸುಮ್ಕಿರು. ಬಿಸ್ಲು ಜಾಸ್ತಿ ನಮ್ಮೂರಲ್ಲಿ."

ಕೆ.ಆರ್. ನಗರಕ್ಕಿಂತ ಬೆಟ್ಟದಪುರದ ಕಡೆ ಬಿಸಿಲು ಜಾಸ್ತಿ ಅಂತ ಅದುವರೆಗೆ ನನಗೆ ತಿಳಿದಿರಲಿಲ್ಲ.

ಊರಿನವರು ಸುಮ್ಮನಿದ್ದಾರೆಯೇ? ಸೊಸೈಟಿಯ ಕಟ್ಟೆಯ ಮೇಲೆ ಇವರನ್ನು ಕೂರಿಸಿಕೊಂಡು ಕಾಡಿದರು. "ಏನ್ಲಾ, ಕರೆಂಟೇ ಪುಗಸಟ್ಟೆ ಬತ್ತಾ ಅದೆ, ನೀನು ದುಡ್ ಕೊಟ್ಟು ಬಿಸ್ಲು ತಕ್ಕಳಕ್ಕೆ ಓಗಿದ್ದೀಯಲ್ಲ!" ಅಂತ ಇವರ ಸ್ನೇಹಿತರೊಬ್ಬರು ಅಂದಿದ್ದಕ್ಕೆ, ಇವರು ಎದ್ದುನಿಂತು ಭಾಷಣವನ್ನೇ ಮಾಡಿದರಂತೆ. ಪುಗಸಟ್ಟೆ ಕರೆಂಟಿಗೆ ಮಿತಿ ಇದೆ, ಬೇಸಿಗೆಯಲ್ಲಿ ನಾವು ಎರಡು ಸಲ ಮಿತಿ ದಾಟಿದ್ದೇವೆ, ಇವತ್ತು ಕೊಡುವ ಸರ್ಕಾರ ನಾಳೆ ನಿಲ್ಲಿಸಿದರೆ ಯಾರನ್ನು ಕೇಳುವುದು, ನಮ್ಮ ಮಾಳಿಗೆ ನಮ್ಮದು, ಸೂರ್ಯ ಯಾರಪ್ಪನ ಮನೆಯವನೂ ಅಲ್ಲ, ಇತ್ಯಾದಿ. ಮಾತು ಸರಿಯಾಗಿಯೇ ಇತ್ತು. ಆದರೆ ಅಷ್ಟೂ ಮಾತಿನ ಹಿಂದೆ ಬೀಗರ ಮೈನಸ್ ಗೀಟು ಇದ್ದದ್ದು ನನಗೊಬ್ಬಳಿಗೇ ಕಾಣುತ್ತಿತ್ತು.

ಆ ವರ್ಷ ನಮ್ಮ ಹೊಗೆಸೊಪ್ಪಿಗೆ ಹರಾಜಿನಲ್ಲಿ ಒಳ್ಳೆಯ ಬೆಲೆ ಸಿಕ್ಕಿತ್ತು. ಸಾಲಕ್ಕೆ ಕೈ ಚಾಚಬೇಕಾಗಿರಲಿಲ್ಲ, ಅದು ನಮ್ಮ ಬೆಟ್ಟದ ಮೇಲಿನ ದೇವರು, ಆ ಬೆಟ್ಟದಪ್ಪನ ದಯೆ. ಮೊದಲು ನಾವು ಪೂರ್ತಿ ಕೊಟ್ಟು ಹಾಕಿಸಿಕೊಳ್ಳಬೇಕು, ಆಮೇಲೆ ಸಬ್ಸಿಡಿ ಖಾತೆಗೆ ಬಂದು ಬೀಳುತ್ತದೆ ಅಂತ ಲೆಕ್ಕ. ಹುಣಸೂರಿನಿಂದ ಸೋಲಾರ್ ಹಾಕುವವರು ಬಂದು ಮಾಳಿಗೆ ಅಳೆದರು. ಟೇಪು ಮಡಚಿ, ಕಾಫಿ ಕುಡಿದು, ಕೊನೆಗೆ ಹಳೆಯ ಬಿಲ್ಲು ತೋರಿಸಿ ಅಂದರು. ನೋಡಿದರು.

"ಇವರು ಯಾರು ಸಾರ್?"

"ನಮ್ಮಪ್ಪ."

"ಎಲ್ಲವ್ರೆ? ಅವರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಕೊಡಿ."

ಇವರು ನನ್ನ ಮುಖ ನೋಡಿದರು. ಅತ್ತೆ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸಿದರು. ಅತ್ತೆ ಏನು ಉತ್ತರ ಕೊಡುತ್ತಾರೋ ಅಂತ ನಾನು ಅವರ ಕಡೆ ತಿರುಗಿದೆ. ಇವರೇ ಮೆಲ್ಲಗೆ, "ತೀರ್ಕಂಡವ್ರೆ" ಅಂದರು.

ಹಾಗಾದರೆ ಆಗುವುದಿಲ್ಲ ಅಂದರು ಅವರು. ಮೀಟರು ಯಾರ ಹೆಸರಿನಲ್ಲಿದೆಯೋ ಅವರೇ ಅರ್ಜಿ ಹಾಕಬೇಕು, ಅವರ ಖಾತೆಗೇ ಸಬ್ಸಿಡಿ. ಮನೆಯ ಖಾತೆ ಅತ್ತೆಯ ಹೆಸರಿಗೆ ಎಂದೋ ಬದಲಾಗಿದೆ. ಮೀಟರೊಂದು ಮಾತ್ರ ಹಾಗೇ ಉಳಿದುಬಿಟ್ಟಿದೆ. ಅದನ್ನೂ ಅತ್ತೆಯ ಹೆಸರಿಗೆ ಮಾಡಿಸಿಕೊಂಡು ಬನ್ನಿ, ಒಂದು ಸಹಿ, ಒಂದು ಅರ್ಜಿ, ಅಷ್ಟೇ, ಅಂದರು.

ಅಷ್ಟೇ ಅಂತ ಅವರು ಸುಲಭವಾಗಿ ಅಂದರು.

ಅತ್ತೆ ಅವತ್ತು ಅವರೆಕಾಯಿ ಸುಲಿದು ಮುಗಿಸಿದರು. ಮಾರನೆಯ ದಿನ ಅವರ ತಕರಾರು ಶುರುವಾಯಿತು. ಮಾಳಿಗೆಯ ತುಂಬ ಹಲಗೆ ಹಾಕಿದರೆ ಹಪ್ಪಳ ಎಲ್ಲಿ ಒಣಗಿಸುವುದು? ಸಂಡಿಗೆ ಎಲ್ಲಿ ಇಡುವುದು? ಹಲಗೆಗಳನ್ನು ಎತ್ತರಕ್ಕೆ ಕಟ್ಟಿಸುತ್ತೇನೆ, ಕೆಳಗೆ ಓಡಾಡಬಹುದು ಅಂತ ಇವರು ಅಂದರೆ, ನೆರಳಲ್ಲಿ ಸಂಡಿಗೆ ಒಣಗುತ್ತದಾ ಅಂದರು. ತೆಂಕಣ ತುದಿಯಲ್ಲಿ ಒಂದು ಮಾರು ಜಾಗ ಬಿಡಿಸುತ್ತೇನೆ ಅಂದರೆ, ಮೆಣಸಿನಕಾಯಿಗೆ? ಅಂದರು. ಸಿಡಿಲು ಬಂದು ಬಡಿದರೆ? ಅಂದರು. ಸಿಡಿಲು ಹಿಡಿಯುವ ಕಂಬಿ ಹಾಕುತ್ತಾರೆ ಅಂದರೆ, ಅದನ್ನು ಹಾಕಿ ಸಿಡಿಲನ್ನು ಮನೆಗೇ ಕರೀತೀಯಾ ಅಂದರು. ಕೋತಿ ಬಂದು ಕುಣಿದರೆ? ಅಂದರು.

"ಅವ್ವ, ಕೆ.ಆರ್. ನಗರ್‍ದಲ್ಲಿ ಕೋತಿ ಇಲ್ವಾ?"

"ಅಲ್ಲೀವು ಪ್ಯಾಟೆ ಕೋತಿ ಕಣ್ಲಾ, ನಾಜೂಕು."

ಇವರು ಸಿಟ್ಟಿನಲ್ಲಿ ಚಪ್ಪಲಿ ಮೆಟ್ಟಿಕೊಂಡು ಹೊಲಕ್ಕೆ ಹೋದರು. ಇವರಿಗೆ ನಿಜ ಹೊಳೆದಿರಲಿಲ್ಲ. ಗಂಡಸರಿಗೆ ಕಿಲೋವ್ಯಾಟು ಬೇಗ ಅರ್ಥವಾಗುತ್ತದೆ.

ನನಗೆ ಹೊಳೆದಿತ್ತು. ದೇವರ ಗೂಡಿನಲ್ಲಿ, ಬೆಟ್ಟದಪ್ಪನ ಫೋಟೋದ ಹಿಂದೆ, ಒಂಬತ್ತು ವರ್ಷದ ಬಿಲ್ಲಿನ ಚೀಟಿಗಳಿವೆ. ಅತ್ತೆಗೆ ಓದಲು ಬರುವುದಿಲ್ಲ. ಹಳೆಯ ಚೀಟಿಗಳಂತೂ ಅಕ್ಷರ ಪೂರ್ತಿ ಮಾಸಿ ಬರೀ ಬಿಳಿ ಕಾಗದವಾಗಿವೆ. ಆದರೂ ಒಂದನ್ನೂ ಎಸೆಯಲು ಬಿಡುವುದಿಲ್ಲ. ಗುಡಿಸಲು ಹೋದಾಗಲೆಲ್ಲ ನಾನು ಅವಕ್ಕೂ ಒಂದು ನಮಸ್ಕಾರ ಹಾಕಿ, ಇದ್ದಲ್ಲೇ ಇಡುತ್ತೇನೆ.

ಒಂದು ಮಧ್ಯಾಹ್ನ ಇಬ್ಬರೇ ಕೂತು ಅಕ್ಕಿ ಆರಿಸುತ್ತಿದ್ದಾಗ ಅತ್ತೆ ತಾವಾಗಿಯೇ ಕೇಳಿದರು. ತಲೆ ಎತ್ತಲಿಲ್ಲ.

"ಅಲ್ಲಾ ಕಣಮ್ಮಿ, ನನ್ನೆಸ್ರಿಗೆ ಮಾಡ್ಬುಟ್ರೆ, ಆ ಚೀಟೀಲಿ ಅವರ್ದು ಎಲ್ಲೂ ಇರಾಕೇ ಇಲ್ವಾ?"

"ಇರುತ್ತೆ ಅತ್ತೆ" ಅಂದುಬಿಟ್ಟೆ. "ನಿಮ್ಮ ಹೆಸರು ಹಾಕಿ, ಪಕ್ಕದಲ್ಲಿ 'ಕೋಂ' ಅಂತ ಹಾಕಿ, ಮಾವನ ಹೆಸರು ಹಾಕ್ತಾರೆ. ಇಂಥವರ ಹೆಂಡತಿ ಇಂಥವರು ಅಂತ. ಪಹಣಿಯಲ್ಲಿ ಇಲ್ವಾ? ಹಾಗೇ."

"ದಿಟವಾ?"

"ದಿಟ."

ಪಹಣಿಯಲ್ಲಿ 'ಕೋಂ' ಇರುವುದು ನಿಜ. ಮನೆ ಖಾತೆಯಲ್ಲೂ ಇದೆ. ಕರೆಂಟ್ ಬಿಲ್ಲಿನ ಚೀಟಿಯಲ್ಲಿ ಇರುತ್ತದೋ ಇಲ್ಲವೋ ನನಗೆ ಗೊತ್ತೇ ಇರಲಿಲ್ಲ. ಅತ್ತೆ ಕಲ್ಲೊಂದನ್ನು ಮೊರದಿಂದ ತೆಗೆದು ಎಸೆದು, "ಅಂಗಾದ್ರೆ ಯೋಳು ನಿನ್ ಗಂಡನ್ಗೆ, ಎಬ್ಬೆಟ್ಟು ಎಲ್ಲೊತ್ಬೇಕು ಅಂತ" ಅಂದರು. ನಾನು ಎದ್ದು ದೇವರ ಮುಂದೆ ನಿಂತು, 'ಅಪ್ಪಾ, ಚೀಟಿಯಲ್ಲಿ ಮಾವನ ಹೆಸರು ಬರಿಸು, ನಿನ್ನ ಬೆಟ್ಟದ ಅಷ್ಟೂ ಮೆಟ್ಟಿಲು ಬರಿಗಾಲಲ್ಲಿ ಹತ್ತಿ ಬರುತ್ತೇನೆ' ಅಂತ ಹರಕೆ ಹೊತ್ತೆ. ನನ್ನ ಮಂಡಿನೋವಿನ ಸಂಗತಿ ಅವನಿಗೂ ಗೊತ್ತು, ಸುಮ್ಮನೆ ಹೊತ್ತದ್ದಲ್ಲ ಅಂತಲೂ ಗೊತ್ತು.

ಹಕ್ಕುದಾರರೆಲ್ಲ ಒಪ್ಪಿಗೆ ಕೊಡಬೇಕಿತ್ತು. ಎಚ್.ಡಿ. ಕೋಟೆಗೆ ಕೊಟ್ಟಿರುವ ನಾದಿನಿ ಬಸ್ಸಿನಲ್ಲಿ ಬಂದು ಸಹಿ ಹಾಕಿದರು. ಹಾಕುವ ಮೊದಲು ಪೆನ್ನು ಎತ್ತಿ ಹಿಡಿದು, "ಬಿಸ್ಲಲ್ಲಿ ನಂಗೂ ಒಂದ್ ಪಾಲು ಬರ್ಬೇಕು ಕಣಣ್ಣ, ಈಗ್ಲೇ ಯೋಳಿವ್ನಿ" ಅಂದರು. ಇವರು ಅಷ್ಟಕ್ಕೇ ಗಾಬರಿಯಾಗಿ ಕೋಳಿ ಸಾರು ಮಾಡಿಸಿದರು.

ಕರೆಂಟ್ ಆಫೀಸಿಗೆ ಹೋದ ದಿನ ಅತ್ತೆ ಬೆಟ್ಟದಪ್ಪನ ದರ್ಶನಕ್ಕೆ ಉಡುವ ಸೀರೆ ಉಟ್ಟಿದ್ದರು. ಆಫೀಸಿನ ಕಿಟಕಿಯಲ್ಲಿ ನೇರ ಬೆಟ್ಟವೇ ಕಾಣುತ್ತಿತ್ತು. ನಮ್ಮ ಮುಂದೆ ಏಳೆಂಟು ಜನ. ಸರ್ವರ್ ಇಲ್ಲ ಅಂತ ಎಲ್ಲರೂ ಕೂತಿದ್ದರು. ಒಂದು ಗಂಟೆ ಕಾದ ಮೇಲೆ ಇವರಿಗೆ ಏನೋ ಕಾಗದದ ಇನ್ನೊಂದು ಪ್ರತಿ ಬೇಕಾಗಬಹುದು ಅನ್ನಿಸಿ, ಕಾಗದಗಳ ಚೀಲವನ್ನು ಹಾಗೇ ಹೆಗಲಿಗೆ ಹಾಕಿಕೊಂಡು ಜೆರಾಕ್ಸ್ ಅಂಗಡಿಗೆ ಹೊರಟರು. ಇವರು ಅತ್ತ ಹೋದರು, ಇತ್ತ ಸರ್ವರ್ ಬಂತು.

ಕಂಪ್ಯೂಟರಿನ ಮುಂದಿದ್ದ ಹೆಂಗಸು ಮೈಸೂರಿನ ಕಡೆಯವರು, ಹೊಸಬರು, ನಗುಮುಖದವರು. "ಬೇಗ ಬೇಗ ಬನ್ನಿ, ಮತ್ತೆ ಹೋಗಿಬಿಟ್ಟರೆ ಇವತ್ತು ಬರಲ್ಲ" ಅಂತ ಒಬ್ಬೊಬ್ಬರನ್ನೇ ಮುಗಿಸಿ ನಮ್ಮನ್ನು ಕರೆದರು. ಅತ್ತೆ ಮುಂದೆ ಕೂತರು.

"ಅಜ್ಜಿ, ಕಾಗದ?"

"ಮಗ ತತ್ತಾನೆ ಕಣವ್ವ."

"ಬರಲಿ, ಅಷ್ಟರಲ್ಲಿ ಹೆಸರು ಹೊಡೆದುಕೊಂಡಿರ್ತೀನಿ. ನಿಮ್ಮ ಹೆಸರು?" ಅತ್ತೆ ಹೇಳಿದರು. "ಯಜಮಾನರ ಹೆಸರು?"

ಅತ್ತೆ ಕಿಟಕಿಯಾಚೆ ಬೆರಳು ತೋರಿಸಿದರು. "ಅಗಾ, ಆ ಮ್ಯಾಲವನಲ್ಲ, ಅವನ್ದೇಯಾ."

ಆಕೆ ಬಗ್ಗಿ ನೋಡಿದರು. ಕಿಟಕಿಯಾಚೆ ಕಂಬದ ಮೇಲೆ ಹತ್ತಿ ಲೈನ್‌ಮನ್ ಒಬ್ಬ ತಂತಿ ಸರಿಮಾಡುತ್ತಿದ್ದ. "ಅವರಾ? ಅವರು ನಿಮ್ಮ ಯಜಮಾನರಾ?"

ಹಿಂದೆ ಕೂತವರೆಲ್ಲ ಗೊಳ್ಳನೆ ನಕ್ಕರು. ಅತ್ತೆಗೂ ನಗು ಬಂತು, ಸೆರಗು ಬಾಯಿಗೆ ಹಿಡಿದರು. "ಅಯ್ಯೋ ನಿನ್ನ! ಅವನಿಗಿಂತ ಮ್ಯಾಲೆ ಕಣವ್ವ, ಬೆಟ್ಟದ್ ಮ್ಯಾಲೆ!"

"ಅಮ್ಮ, ನೀವು ಸೊಸೆ ಅಲ್ವಾ? ನೀವಾದರೂ ಹೇಳಿ" ಅಂತ ನನ್ನ ಕಡೆ ತಿರುಗಿದರು.

ನಾನೂ ಬೆಟ್ಟದ ಕಡೆ ನೋಡಿದೆ. ಬೆಟ್ಟದ ದೇವರ ಹೆಸರೇ ಮಾವನವರದು, ಅದನ್ನು ನಾನು ಹೇಗೆ ಹೇಳಲಿ? "ಹಳೇ ಬಿಲ್ಲಲ್ಲಿ ಇದೆ ಮೇಡಂ" ಅಂದೆ. ಬಿಲ್ಲು ಎಲ್ಲಿ? ಚೀಲದಲ್ಲಿ. ಚೀಲ ಎಲ್ಲಿ? ಜೆರಾಕ್ಸ್ ಅಂಗಡಿಯಲ್ಲಿ. ಆಕೆ ತಲೆ ಚಚ್ಚಿಕೊಂಡರು. "ಸರ್ವರ್ ಹೋಗುತ್ತೆ ಅಮ್ಮ, ದಮ್ಮಯ್ಯ, ಯಾರಾದರೂ ಹೇಳಿ" ಅಂದರು. ಫೋನು ಮಾಡಿದರೆ ಇವರು ಎತ್ತಲಿಲ್ಲ. ಜನ ಇರುವ ಕಡೆ ಇವರು ಯಾವತ್ತೂ ಎತ್ತುವುದಿಲ್ಲ, ಕೇಳಿಸುವುದಿಲ್ಲವಂತೆ.

ಆ ಹೊತ್ತಿಗೆ ಸರಿಯಾಗಿ, ಮೆಷಿನ್ನು ಒಪ್ಪಿಸಲೋ ಏನೋ, ನಮ್ಮ ಬಿಲ್ಲಿನವನು ಬಾಗಿಲಲ್ಲಿ ಕಾಣಿಸಿಕೊಂಡ. ಬೆಟ್ಟದಪ್ಪನೇ ಕಳಿಸಿದ ಅಂತ ನಾನು ಇವತ್ತಿಗೂ ನಂಬಿದ್ದೇನೆ.

ಅತ್ತೆ ಅವನನ್ನು ಕಂಡು ಎದ್ದುನಿಂತರು. "ಇಗಾ, ಇವ್ನೇ ಬಂದ! ಇವನ್ನ ಕೇಳವ್ವ. ಇವನೇ ಕೂಗೋನು. ಕೂಗಪ್ಪ ಒಂದ್ಸಲ!"

ಅವನು ತಬ್ಬಿಬ್ಬಾಗಿ ಎಲ್ಲರನ್ನೂ ನೋಡಿದ. ಆಫೀಸಿನ ಒಳಗೆ ಮೆಲ್ಲಗೆ ಹೇಳಿದ್ದರೆ ಸಾಕಿತ್ತು. ಆದರೆ ಅವನಿಗೆ ಆ ಹೆಸರನ್ನು ಮೆಲ್ಲಗೆ ಹೇಳಿ ಅಭ್ಯಾಸವೇ ಇರಲಿಲ್ಲ. ನಮ್ಮ ಗೇಟಿನ ಮುಂದೆ ನಿಂತಂತೆಯೇ ಕತ್ತೆತ್ತಿ, ಇನಿಷಿಯಲ್ ಸಮೇತ, ಸೂರು ಹಾರುವ ಹಾಗೆ ಕೂಗಿದ.

ಅತ್ತೆ, ಅಭ್ಯಾಸ ನೋಡಿ, ಅಷ್ಟೇ ಗಟ್ಟಿಯಾಗಿ ಅಂದರು:

"ಇಲ್ಲ ಕಣಪ್ಪೋ, ವಲದ್ ತಾವ ಓಗವ್ರೆ!"

ಯಾರೂ ನಗಲಿಲ್ಲ. ಅತ್ತೆಗೂ ತಾವು ಎಲ್ಲಿದ್ದೇವೆ ಅಂತ ಆಗ ಅರಿವಾಯಿತು ಅಂತ ಕಾಣುತ್ತದೆ, ಮೆಲ್ಲಗೆ ಕುರ್ಚಿಯಲ್ಲಿ ಕೂತು ಎಲೆಯಡಿಕೆ ಚೀಲದ ದಾರ ಬಿಗಿ ಮಾಡಿದರು. ಆ ಹೆಂಗಸು ಹೆಸರು ಹೊಡೆದರು. ಆಮೇಲೆ ನಾನು ಬಗ್ಗಿ ಆಕೆಯ ಕಿವಿಯ ಹತ್ತಿರ, "ಚೀಟಿಯಲ್ಲಿ 'ಕೋಂ' ಅಂತ ಬರುತ್ತಾ ಮೇಡಂ?" ಅಂತ ಕೇಳಿದೆ.

"ನಾನು ಇಲ್ಲಿ ಹೆಸರಿನ ಜೊತೆಗೇ ಸೇರಿಸಿ ಹಾಕ್ತೀನಮ್ಮ. ಆದರೆ ಚೀಟಿಯಲ್ಲಿ ಜಾಗ ಎಷ್ಟಿದೆಯೋ ಅಷ್ಟು ಅಕ್ಷರ ಬರುತ್ತೆ. ಮಿಕ್ಕದ್ದು ನನ್ನ ಕೈಲಿಲ್ಲ" ಅಂದರು.

ಇವರು ಬೆವರು ಒರೆಸಿಕೊಳ್ಳುತ್ತ, ಪ್ರತಿಯೊಂದರದ್ದೂ ಮೂರು ಮೂರು ಪ್ರತಿ ಹಿಡಿದುಕೊಂಡು ಬಂದು, "ಸರ್ವರ್ ಬಂತಾ?" ಅಂದರು.

ಹೆಸರು ಕಂಪ್ಯೂಟರಿನಲ್ಲಿ ಬದಲಾದರೂ ಬಿಲ್ಲಿನ ಮೆಷಿನ್ನಿಗೆ ಬರುವುದು ತಡವಾಯಿತು. ಸೋಲಾರಿಗೆಂದು ಹೊಸ ಮೀಟರು ಕೂರಿಸುವವರೆಗೂ ಹಳೆಯ ಹೆಸರೇ ಬರುತ್ತಿತ್ತು. ಆ ತಿಂಗಳುಗಳಲ್ಲಿ ಅತ್ತೆ ಬಿಲ್ಲಿನವನು ಬರುವ ವಾರ ಮನೆ ಬಿಟ್ಟು ಆಚೆ ಹೋಗುತ್ತಿರಲಿಲ್ಲ. ನಾನೂ ಮೆಟ್ಟಿಲು, ಮಂಡಿ ಎರಡನ್ನೂ ನೆನೆಯುತ್ತ ಕಾಯುತ್ತಿದ್ದೆ.

ಹಲಗೆಗಳು ಬಂದ ದಿನ ಮನೆಯಲ್ಲಿ ಹಬ್ಬವೇ. ಎತ್ತರದ ಕಂಬಿಗಳ ಮೇಲೆ ಕೂರಿಸಿದರು. ಅತ್ತೆ ವಿಭೂತಿ ಕಲಸಿಕೊಂಡು, ಕೋಲೂರಿಕೊಂಡು ಮಾಳಿಗೆ ಹತ್ತಿ ಬಂದರು. ಪ್ರತಿ ಹಲಗೆಗೂ ಮೂರು ಪಟ್ಟೆ ಎಳೆಯುವುದು, ನಡುವೆ ಕುಂಕುಮ ಇಡುವುದು ಅಂತ ಅವರ ಮನಸ್ಸಿನಲ್ಲಿ. ಒಂದಕ್ಕೆ ಎಳೆದೂ ಆಗಿತ್ತು. ಹುಣಸೂರಿನವರು ಓಡಿ ಬಂದು, "ಅವ್ವಾ, ಗಾಜಿಗೆ ಬ್ಯಾಡಿ, ಅಷ್ಟು ಜಾಗದಲ್ಲಿ ಕರೆಂಟ್ ಕಮ್ಮಿ ಆಯ್ತದೆ, ಕಂಬಿಗೆ ಹಚ್ಚಿ" ಅಂತ ಕೈ ಮುಗಿದರು.

"ಎಷ್ಟು ಕಮ್ಮಿ ಆದದು?"

"ಒಸಿ."

"ಒಸಿ ದೇವರ್ಗೆ ಓಗ್ಲಿ ಬುಡಿ" ಅಂದರು ಅತ್ತೆ. ಕೊನೆಗೆ ಒಂದು ಹಲಗೆಯ ಪಟ್ಟೆ ಹಾಗೇ ಉಳಿಯಿತು, ಮಿಕ್ಕವು ಕಂಬಿಗೆ. ಮೊದಲ ಮಳೆಗೆ ಅದೂ ತೊಳೆದುಹೋಯಿತು. ಮಳೆ ಬರದಿದ್ದರೂ ಇವರು ಬಿಡುತ್ತಿರಲಿಲ್ಲ. ಬೆಳಿಗ್ಗೆ ಎದ್ದವರೇ ಬಟ್ಟೆ ಹಿಡಿದು ಮಾಳಿಗೆಗೆ ಹೋಗಿ, ಎತ್ತಿನ ಮೈ ತೊಳೆದ ಹಾಗೆ ಒಂದೊಂದನ್ನೂ ಉಜ್ಜುತ್ತಾರೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಈ ಮನೆಯಲ್ಲಿ ಇವರು ಒರೆಸಿದ ಮೊದಲ ಸಾಮಾನು ಅದು. ಅದನ್ನೂ ಒಂದು ದಯೆ ಅಂತಲೇ ನಾನು ಲೆಕ್ಕಕ್ಕೆ ಹಿಡಿದಿದ್ದೇನೆ.

ಅಧಿಕಾರಿಗಳು ಬಂದು ನೋಡಿದರು, ಅತ್ತೆಯನ್ನು ಹಲಗೆಯ ಪಕ್ಕ ನಿಲ್ಲಿಸಿ ಫೋಟೋ ತೆಗೆದರು, ಕೆಲವು ವಾರ ಕಳೆದು ಸಬ್ಸಿಡಿ ಬಂತು. ಓಡಾಡಿದ್ದು ಇವರು, ಸೊಪ್ಪಿನ ದುಡ್ಡು ಹಾಕಿದ್ದು ಇವರು, ಬಂದು ಬಿದ್ದದ್ದು ಅತ್ತೆಯ ಖಾತೆಗೆ. ಇವರು ಜಗಲಿಯ ಮೇಲೆ ಅವ್ವನ ಪಕ್ಕ ಬಹಳ ಹೊತ್ತು ಕೂತು, ಹವಾಮಾನದ ಬಗ್ಗೆ, ಕಾಲು ನೋವಿನ ಬಗ್ಗೆ ವಿಚಾರಿಸಿದರು.

"ಏನ್ಲಾ, ಇವತ್ ಪ್ರೀತಿ ಜಾಸ್ತಿ ಆಗದೆ?"

"ಏನಿಲ್ಲ ಅವ್ವ. ಬ್ಯಾಂಕ್‌ತಾವ ಓಗಿ ಬರಾಣ ಅಂತ."

"ಸರ್ಕಾರ ನಂಗ್ ಕೊಟ್ಟಿರಾದು ಕಣ್ಲಾ. ನಾನ್ ನೋಡ್ತೀನಿ" ಅಂತ ಅತ್ತೆ ಮೂರು ದಿನ ಇವರನ್ನು ಹಾಗೇ ಆಡಿಸಿದರು. ನಾಲ್ಕನೆಯ ದಿನ ತಾವೇ ಸೀರೆ ಉಟ್ಟು, ದುಡ್ಡು ಕೊಡಿಸಲು ಇವರನ್ನು ಕರೆದುಕೊಂಡು ಬ್ಯಾಂಕಿಗೆ ಹೊರಟರು. ಬರುವಾಗ ಇವರ ಮುಖ ಬೀಗರ ಮುಖಕ್ಕಿಂತ ಬೆಳಗುತ್ತಿತ್ತು.

ಅದಾಗಿ ಒಂದು ವಾರಕ್ಕೆ ಬಿಲ್ಲಿನವನ ಬೈಕಿನ ಸದ್ದು ಕೇಳಿತು. ನಾನು ಒಲೆ ಸಣ್ಣ ಮಾಡಿ ಬಾಗಿಲಿಗೆ ಬಂದೆ. ಅತ್ತೆ ನಡುಮನೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. ಅವನು ಹೊಸ ಮೀಟರು ನೋಡಿದ, ಚೀಟಿ ಹರಿದ, ಓದಿದ, ತಲೆ ಕೆರೆದುಕೊಂಡ. ಆಮೇಲೆ ಕೂಗಿದ. ಅತ್ತೆಯ ಹೆಸರು.

ಅವನು ಮತ್ತೆ ಕೂಗಿದ. ಅತ್ತೆ ನನ್ನ ಕಡೆ ತಿರುಗಿ, "ಯಾರ್ನಮ್ಮಿ ಕರೀತಾವ್ನೆ?" ಅಂದರು. ಸುಳ್ಳಾಡಬಾರದು, ನನಗೆ ನಗು ತಡೆಯಲಾಗಲಿಲ್ಲ. ತವರು ಬಿಟ್ಟ ಮೇಲೆ ಆ ಹೆಸರು ಹಿಡಿದು ಅವರನ್ನು ಬಾಗಿಲಲ್ಲಿ ನಿಂತು ಕರೆದವರೇ ಇರಲಿಲ್ಲ. ಇಂಥವನ ಅವ್ವ, ಇಂಥವರ ಹೆಂಡತಿ, ದೊಡ್ಡಮ್ಮ, ಅಜ್ಜಿ, ಇಷ್ಟೇ.

"ನಿಮ್ಮನ್ನೇ ಅತ್ತೆ!"

ನಾನು ಓಡಿ ಹೋಗಿ ಚೀಟಿಗೆ ಇಣುಕಿದೆ. ಅತ್ತೆಯ ಹೆಸರು, ಪಕ್ಕದಲ್ಲಿ 'ಕೋಂ', ಅದರ ಪಕ್ಕದಲ್ಲಿ ಮಾವನವರ ಹೆಸರಿನ ಮೊದಲ ಎರಡು ಅಕ್ಷರ. ಅಲ್ಲಿಗೆ ಕಾಗದ ಮುಗಿದಿತ್ತು. ನನಗೆ ಅಳುವೇ ಬಂತು. ಎರಡಕ್ಷರಕ್ಕೆ ಅತ್ತೆಗೆ ಏನಂತ ಹೇಳಲಿ?

ಬಿಲ್ಲಿನವನು ನನ್ನ ಮುಖ ನೋಡಿ ಅರ್ಥ ಮಾಡಿಕೊಂಡ. ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು, ಅದರಲ್ಲೇ ಎಲ್ಲ ಇದೆಯೇನೋ ಅನ್ನುವ ಹಾಗೆ, ಅತ್ತೆಯ ಹೆಸರು, ಕೋಂ, ಆಮೇಲೆ ಮಾವನವರ ಪೂರ್ತಿ ಹೆಸರನ್ನು, ಇನಿಷಿಯಲ್ ಸಮೇತ, ಒಂದಕ್ಷರ ಬಿಡದೆ, ಎಂದಿನ ಗಂಟಲಿನಲ್ಲಿ ಕೂಗಿದ.

ಅತ್ತೆ ಕಂಬ ಹಿಡಿದು ಎದ್ದರು. ಸೆರಗು ತಲೆಗೆ ಎಳೆದುಕೊಂಡು, ಕೋಲೂರಿಕೊಂಡು, ಅಂಗಳ ದಾಟಿ ಗೇಟಿಗೆ ಬಂದು ಕೈ ಚಾಚಿದರು.

"ಅವರು ವಲದ್ ತಾವ ಓಗವ್ರೆ ಕಣಪ್ಪ. ತತ್ತಾ, ನಾನೇ ಬಂದಿವ್ನಿ."

ಚೀಟಿಯಲ್ಲಿ ಮೈನಸ್ ಗೀಟು ಇತ್ತು. ಅದನ್ನು ನಾವು ಮೂವರೂ ನೋಡಲಿಲ್ಲ. ಸಂಜೆ ಇವರು ದೇವರ ಗೂಡಿನಿಂದ ಎತ್ತಿಕೊಂಡು ನೋಡಿ, ಫೋಟೋ ತೆಗೆದು ಕೆ.ಆರ್. ನಗರಕ್ಕೆ ಕಳಿಸಿದರು.

ಹರಕೆಯ ವಿಷಯ ಇವರಿಗೆ ಹೇಳಿದಾಗ, "ಎರಡೇ ಅಕ್ಷರ ಬಂದದೆ ಅಂದ್ಮೇಲೆ ಅರ್ಧ ಬೆಟ್ಟ ಹತ್ತಿದ್ರೆ ಸಾಕು, ಮಿಕ್ಕದ್ದು ಬಿಲ್ಲಿನವನು ಹತ್ಲಿ" ಅಂದರು. ಸಬ್ಸಿಡಿಯ ಲೆಕ್ಕ ಹಾಕಿ ಹಾಕಿ ದೇವರ ಹತ್ತಿರವೂ ಅದನ್ನೇ ಹಾಕುವುದನ್ನು ಕಲಿತಿದ್ದಾರೆ. ನಾನು ಅಷ್ಟೂ ಮೆಟ್ಟಿಲು ಹತ್ತಿ ಬಂದೆ, ಬರಿಗಾಲಲ್ಲಿ. ಮಂಡಿ ಇನ್ನೂ ಹಿಡಿದುಕೊಂಡಿದೆ. ಸಂಜೆ ಹೊತ್ತು ಅತ್ತೆ ಹರಳೆಣ್ಣೆ ಬಿಸಿ ಮಾಡಿ ತಂದು ಕೊಡುತ್ತಾರೆ. ಯಾತಕ್ಕೆ ಹತ್ತಿದೆ ಅಂತ ಅವರು ಕೇಳಿಲ್ಲ. ಆ ಚೀಟಿಯಲ್ಲಿರುವುದು ಎರಡೇ ಅಕ್ಷರ ಅಂತ ನಾನೂ ಹೇಳಿಲ್ಲ.